ಉಟ್ಟು ಬಿಟ್ಟ ಸೀರೆ

ನನಗೊಂದು ಚಾಳಿ ಇದೆ. ಬಸ್ಸಿನಲ್ಲಿ ಪಕ್ಕದ ಸೀಟಿನವರ ಸೆರಗು ಗಾಳಿಗೆ ಹಾರಿ ನನ್ನ ಮಡಿಲಿಗೆ ಬಿದ್ದರೆ ಅದನ್ನು ಕೂಡಲೇ ತಿರುಗಿ ಕೊಡುವುದಿಲ್ಲ. ಮೊದಲು ಬೆರಳುಗಳ ನಡುವೆ ಇಟ್ಟು ಉಜ್ಜುತ್ತೇನೆ, ಅಂಚನ್ನು ಮಗುಚಿ ಹಿಂಬದಿಯ ನೂಲು ನೋಡುತ್ತೇನೆ, ಆಮೇಲೆ ಎಲ್ಲಿ ತೆಗೆದುಕೊಂಡದ್ದು ಎಂದು ಕೇಳುತ್ತೇನೆ. ಬ್ರಹ್ಮಾವರದಲ್ಲಿ ಮನೆ ಮಾಡಿಕೊಂಡು ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದವಳಿಗೆ ಇದು ಶೋಭೆಯೇ ಎಂದು ನನ್ನ ಯಜಮಾನರು ಬೈಯುವುದುಂಟು. ಶೋಭೆ ಇರಲಿ ಬಿಡಲಿ, ಯಾರ ಮೈಮೇಲಾದರೂ ಒಂದು ಚಂದದ ಬಟ್ಟೆ ಕಂಡರೆ, ಅದು ಅಲ್ಲಿಗೆ ಹೇಗೆ ಬಂತು ಎಂದು ತಿಳಿಯದೆ ನನಗೆ ಉಂಡದ್ದು ಕರಗುವುದಿಲ್ಲ. ನನ್ನ ಮಗಳಿಗೆ ಈ ಚಾಳಿ ಇಲ್ಲ. ಅವಳು ಫೋನಿನಲ್ಲೇ ಅಂಗಡಿ ಸುತ್ತುತ್ತಾಳೆ, ಮೆಚ್ಚಿದ ಕುರ್ತಾವನ್ನು ಅಲ್ಲೇ ಇರುವ ಬುಟ್ಟಿಯ ಚಿತ್ರಕ್ಕೆ ಹಾಕಿ, ಕೊಳ್ಳದೆ ಸುಮ್ಮನೆ ಕೂರುತ್ತಾಳೆ. ಕಳೆದ ಸಲ ನಾವುಂದದಿಂದ ಬಂದ ನನ್ನ ಅಮ್ಮ ಮೊಮ್ಮಗಳ ಹೆಗಲ ಮೇಲಿಂದ ಇಣುಕಿ ನೋಡಿದಳು.

"ಬುಟ್ಟಿಗ್ ಹಾಕಿ ಎಂತಕೆ ಕಾಯ್ತಾ ಕೂತಿದ್ದೆ ಹೆಣ್ಣೆ?"

"ರೇಟ್ ಇಳೀಲಿ ಅಂತ ಅಜ್ಜಿ. ಹಬ್ಬ ಮುಗಿದ ಮೇಲೆ ಇಳಿಯುತ್ತೆ."

"ಹೌದಾ? ಬಟ್ಟಿಗೂ ಇಳಿತ್ತಾ?"

ಅಮ್ಮ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ಒಟ್ಟಿಗೇ ನಗು ಬಂತು. ಅಮ್ಮ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗಳಿಗೆ ಏನೂ ಅರ್ಥವಾಗಲಿಲ್ಲ. ಅವಳಿಗೆ ಅಂದು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾವುಂದದಲ್ಲಿ ಹೆದ್ದಾರಿ ಬಿಟ್ಟು ಕಡಲಿನ ಕಡೆಗೆ ಇಳಿದರೆ, ತೆಂಗಿನ ಸಾಲು ಮುಗಿಯುವಲ್ಲಿ ನಮ್ಮ ಮನೆ. ಎದುರು ಜಗಲಿ, ನಡುವೆ ಕತ್ತಲೆಯ ಒಂದು ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ಬಾವಿಕಟ್ಟೆ. ಅಪ್ಪ ರತ್ನಾಗಿರಿ ಕಡೆಯ ದೋಣಿಯಲ್ಲಿದ್ದ. ಮಳೆಗಾಲಕ್ಕೆ ದೋಣಿಗಳನ್ನು ಮೇಲೆಳೆದಾಗ ಮಾತ್ರ ಮನೆಯಲ್ಲಿ ಅವನ ಗೊರಕೆ ಕೇಳಿಸುತ್ತಿತ್ತು. ಉಳಿದಂತೆ ಅದು ಹೆಂಗಸರ ಮನೆ: ಅಪ್ಪನನ್ನು ಹೆತ್ತ ಅಜ್ಜಿ, ಅಮ್ಮ, ಅಕ್ಕ ಲತಾ, ಕೊನೆಗೆ ನಾನು. ಕಪಾಟು ಎಂಬುದು ಇರಲಿಲ್ಲ. ದಿನಬಳಕೆಯ ಬಟ್ಟೆ ನಡುಕೋಣೆಯ ಹಗ್ಗದ ಮೇಲೆ, ಒಳ್ಳೆಯ ಬಟ್ಟೆ ಅಜ್ಜಿಯ ಮಂಚದ ಕೆಳಗಿನ ಹಸಿರು ಟ್ರಂಕಿನಲ್ಲಿ, ಟ್ರಂಕಿನ ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ಗೋಡೆಯ ಕನ್ನಡಿಯಲ್ಲಿ ಮುಖ ಮಾತ್ರ ಹಿಡಿಸುತ್ತಿತ್ತು. ಕುತ್ತಿಗೆಯಿಂದ ಕೆಳಗೆ ನಾನು ಹೇಗಿದ್ದೇನೆ ಎಂದು ತಿಳಿಯಬೇಕಾದರೆ ಅಕ್ಕನನ್ನೇ ಕೇಳಬೇಕು, ಅಕ್ಕನೋ ಬೇಕೆಂದೇ ಸುಳ್ಳು ಹೇಳುವವಳು. ಹಾಗಾಗಿ ಹೊಸದೇನಾದರೂ ತೊಟ್ಟ ದಿನ ನಾನು ಬಾವಿಕಟ್ಟೆ ಹತ್ತಿ ನೀರಿಗೆ ಬಗ್ಗಿ ನೋಡುತ್ತಿದ್ದೆ. ಬಾವಿಯಲ್ಲಿ ಇಡೀ ಫ್ರಾಕು ಕಾಣುತ್ತಿತ್ತು. ಹಿಂದಿನಿಂದ ಅಜ್ಜಿಯ ಬೊಬ್ಬೆಯೂ ಕೇಳುತ್ತಿತ್ತು.

"ಇಳಿ ಕೆಳ್ಗೆ! ಚಂದ ಕಾಂಬುಕ್ ಹೋಯಿ ಬಾವಿ ಪಾಲ್ ಆಪೂದ್ ಬೇಡ!"

ಆ ಟ್ರಂಕಿನಲ್ಲಿದ್ದ ಬಟ್ಟೆಗಳಲ್ಲಿ ಮುಕ್ಕಾಲು ಪಾಲು ನಮಗಾಗಿ ಕೊಂಡದ್ದಲ್ಲ. ಅಮ್ಮನ ಅಣ್ಣ ಬೊಂಬಾಯಿಯಲ್ಲಿ ಹೋಟೆಲು ಇಟ್ಟಿದ್ದರು. ಅವರ ಹೆಂಡತಿ, ನಮ್ಮ ಬೊಂಬಾಯಿ ಅತ್ತೆ, ಬೇಸಿಗೆ ರಜೆಗೆ ಮಗಳು ರೇಷ್ಮಾಳನ್ನು ಕರೆದುಕೊಂಡು ಊರಿಗೆ ಬಂದವರು ಒಂದು ದಿನ ನಮ್ಮ ಜಗಲಿಯಲ್ಲಿ ದೊಡ್ಡ ಸೂಟ್‌ಕೇಸು ಬಿಚ್ಚುತ್ತಿದ್ದರು. ನುಸಿಗುಳಿಗೆಯ ವಾಸನೆ ಬಾವಿಕಟ್ಟೆಯ ತನಕ ಹರಡುತ್ತಿತ್ತು. ರೇಷ್ಮಾ ಹೋದ ವರ್ಷ ತೊಟ್ಟದ್ದು ಅಕ್ಕನಿಗೆ, ಅಕ್ಕನಿಗೆ ಗಿಡ್ಡವಾದದ್ದು ನನಗೆ, ಅತ್ತೆ ಉಟ್ಟು ಬೇಸರ ಬಂದ ಸೀರೆಗಳು ಅಮ್ಮನಿಗೆ. ಹೀಗೆ ಫ್ಯಾಶನ್ನಿನಲ್ಲಿ ಅಕ್ಕ ಬೊಂಬಾಯಿಗಿಂತ ಒಂದು ವರ್ಷ ಹಿಂದೆ, ನಾನು ಇನ್ನೂ ಹಿಂದೆ. ನನಗೆ ಅದರ ಬೇಜಾರೇನೂ ಇರಲಿಲ್ಲ, ನಿಜ ಹೇಳಬೇಕೆಂದರೆ ಖುಷಿಯೇ. ಪ್ರತಿಯೊಂದು ಫ್ರಾಕಿನ ಒಳಬದಿ ಮಗುಚಿ ಅದರ ಹಳೆಯ ಸಂಗತಿ ಹುಡುಕುತ್ತಿದ್ದೆ. ಕಂಕುಳಲ್ಲಿ ಹೊಲಿಗೆ ಬಿಚ್ಚಿ ಸಡಿಲ ಮಾಡಿದ ಗುರುತಿದ್ದರೆ ರೇಷ್ಮಾ ದಪ್ಪಗಾಗಿದ್ದಾಳೆ. ಒಂದು ಗುಂಡಿ ಬೇರೆ ಬಣ್ಣದ್ದಾಗಿದ್ದರೆ ಎಲ್ಲೋ ಜಗಳ ಮಾಡಿಕೊಂಡಿದ್ದಾಳೆ. ಒಮ್ಮೆ ಕಿಸೆಯೊಳಗೆ ಮುದುಡಿದ ರೈಲು ಟಿಕೆಟು ಸಿಕ್ಕಿತ್ತು. ಅವಳು ಎಲ್ಲಿಂದ ಎಲ್ಲಿಗೆ ಹೋದಳು, ಕಿಟಕಿ ಬದಿ ಸೀಟು ಸಿಕ್ಕಿತ್ತೋ ಇಲ್ಲವೋ ಎಂದು ನಾನು ವಾರಗಟ್ಟಲೆ ಯೋಚಿಸಿದೆ.

ಅತ್ತೆಯ ಕೈ ಜಿಪುಣ ಕೈಯಲ್ಲ, ಆ ಮಾತು ಮೊದಲೇ ಹೇಳಿಬಿಡುತ್ತೇನೆ. ಮನಸ್ಸು ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ನಾನು ಅವರ ಬೆನ್ನ ಹಿಂದೆಯೇ ಸುತ್ತುತ್ತಾ ಬೇಡಿಕೆ ಇಡುತ್ತಿದ್ದೆ.

"ಬಪ್ಪ ವರ್ಷ ಜರಿ ಇಪ್ಪುದ್ ಒಂದ್ ತಕಂಡ್ ಬನಿ ಅತ್ತೆ."

"ಕಾಂಬ," ಎನ್ನುತ್ತಿದ್ದರು ಅತ್ತೆ.

ಕಾಂಬ ಎಂದರೆ ನೋಡೋಣ. ತಂದರೂ ತಂದರು, ಬಿಟ್ಟರೂ ಬಿಟ್ಟರು. ಅದೇ ಮಾತನ್ನು ನಾನೂ ಹೇಳಿ ನೋಡಿದ್ದೆ, ಅತ್ತೆ ಹೇಳಿದ ಹಾಗೆ ಕೇಳಿಸುತ್ತಿರಲಿಲ್ಲ. ಕೊಡುವವರ ಬಾಯಲ್ಲಿ ಮಾತ್ರ ಅದಕ್ಕೊಂದು ಗತ್ತು ಬರುತ್ತದೆ ಎಂದು ಆಗಲೇ ನನಗೆ ಅನಿಸಿತ್ತು.

ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ಮಾವ ಊರಿನಲ್ಲಿ ಹೊಸ ಮನೆ ಕಟ್ಟಿಸಿ ಒಕ್ಕಲಾದರು. ಆ ಹೊತ್ತಿಗೆ ರೇಷ್ಮಾಳಿಗೆ ಗಂಡು ಗೊತ್ತಾಗಿ, ಚಳಿಗಾಲದಲ್ಲಿ ಕುಂದಾಪುರದ ಹಾಲ್‌ನಲ್ಲಿ ಮದುವೆ ಎಂದು ನಿಶ್ಚಯವಾಗಿತ್ತು. ಒಕ್ಕಲಿನ ದಿನ ಅಮ್ಮ ಗುಲಾಬಿ ಬಣ್ಣದ ಮೈಸೂರು ಸಿಲ್ಕ್ ಉಟ್ಟಿದ್ದಳು. ಊಟದ ಪಂಕ್ತಿಯಲ್ಲಿ ನಾವು ಒಟ್ಟಿಗೆ ಕೂತಿದ್ದೆವು. ಅತ್ತೆ ಪಾಯಸ ಬಡಿಸುತ್ತಾ ಬಂದವರು ಅಮ್ಮನ ಎಲೆಯ ಮುಂದೆ ನಿಂತು, ಸೌಟು ಎತ್ತಿ ಹಿಡಿದು, ಇಡೀ ಚಪ್ಪರಕ್ಕೆ ಕೇಳುವ ಹಾಗೆ ಹೇಳಿದರು:

"ಹ್ವಾಯ್ ಗಿರಿಜಾ! ಈ ಸೀರಿ ನಂದಲ್ದಾ? ನಾ ಉಟ್ಟ್ ಬಿಟ್ಟದ್ದ್ ನಿಂಗೇ ಲಾಯ್ಕ್ ಕಾಂತ್ ಮಾರಾಯ್ತಿ!"

ಅವರು ಹೊಗಳಿದ್ದೇ. ಆದರೆ ಸಾಲಿನಲ್ಲಿ ಕೂತವರೆಲ್ಲ ಅಮ್ಮನ ಕಡೆ ತಿರುಗಿದರು. ಒಬ್ಬರು ಸೀರೆ ನೋಡಿದರು, ಒಬ್ಬರು ಮುಖ ನೋಡಿದರು. "ಹೌದ್ ಅತ್ತಿಗೆ, ನಿಮ್ದೇ," ಎಂದು ಅಮ್ಮ ನಕ್ಕಳು. ಎಲೆಗೆ ಬಿದ್ದ ಪಾಯಸವನ್ನು ಮಾತ್ರ ಮುಟ್ಟಲಿಲ್ಲ. ಪಾಯಸ ಬಿಡುವ ಹೆಂಗಸಲ್ಲ ಅವಳು. ಎಲೆ ಬಳಿದು ಉಣ್ಣುವವಳು. ಮನೆಗೆ ಬಂದವಳೇ ಆ ಸೀರೆಯನ್ನು ಮಡಚಿ ಟ್ರಂಕಿಗೆ ಹಾಕಿ, ಮುಚ್ಚಳದ ಮೇಲೆ ಕೈಯಿಟ್ಟು ಹೇಳಿದಳು:

"ರೇಷ್ಮಾನ ಮದಿಗೆ ಈ ಮನಿಯವ್ರ್ ಯಾರೂ ಉಟ್ಟ್ ಬಿಟ್ಟದ್ದ್ ಉಡೂದಿಲ್ಲೆ. ನಾನೂ ಇಲ್ಲೆ, ಮಕ್ಳೂ ಇಲ್ಲೆ."

"ಮಳ್ಳ್ ಹಿಡಿತಾ ನಿಂಗೆ?" ಎಂದಳು ಅಜ್ಜಿ. "ಹಾಸ್ಗಿ ಇದ್ದಷ್ಟೇ ಕಾಲ್ ಚಾಚ್ಕ್."

"ಕಾಲ್ ಚಾಚೂಕಲ್ಲ ನಾ ಹೇಳೂದ್, ತಲಿ ಎತ್ತೂಕೆ."

ಅಲ್ಲಿಗೆ ಮಾತು ಮುಗಿಯಿತು. ಮದುವೆ ದಿಬ್ಬಣದಲ್ಲಿ ಬೊಂಬಾಯಿಯವರ ನಡುವೆ ನಿಂತರೂ ಕಡಿಮೆ ಕಾಣಬಾರದು, ಯಾರ ಹಳತೂ ಆಗಿರಬಾರದು, ಕೈಯಲ್ಲಿರುವುದೋ ಮೀನು ಮಾರಿ ಮಿಕ್ಕಿದ ಪುಡಿಗಾಸು. ನನಗಂತೂ ಹೆದರಿಕೆಗಿಂತ ಕುತೂಹಲವೇ ಹೆಚ್ಚಾಯಿತು. ಇದು ಹೇಗೆ ಸಾಧ್ಯ?

ಅಮ್ಮ ನಸುಕಿಗೇ ಗಂಗೊಳ್ಳಿ ಬಂದರಿಗೆ ಹೋಗಿ, ಏಲಂನಲ್ಲಿ ಮೀನು ಕೊಂಡು, ಬೈಂದೂರು ಕಡೆಯ ಮನೆಮನೆಗೆ ಹೊತ್ತು ಮಾರುತ್ತಿದ್ದಳು. ಬಟ್ಟೆ ಕೊಳ್ಳುವುದೂ ಅವಳಿಗೆ ಮೀನು ಕೊಂಡ ಹಾಗೆಯೇ. ಮುಟ್ಟಬೇಕು, ಮೂಸಬೇಕು, ಮಗುಚಬೇಕು, ಮೇಲಿಟ್ಟದ್ದನ್ನು ಬಿಟ್ಟು ತಳದಲ್ಲಿರುವುದನ್ನು ತೆಗೆಸಬೇಕು. ಒಂದು ದಿನ ಮೀನಿಗೆ ರಜೆ ಹಾಕಿ, ಸೀಗೆಪುಡಿಯಲ್ಲಿ ತಲೆ ತಿಕ್ಕಿ ಮಿಂದು, ಅಕ್ಕನನ್ನೂ ನನ್ನನ್ನೂ ಕರೆದುಕೊಂಡು ಕುಂದಾಪುರದ ದೊಡ್ಡ ಜವಳಿ ಅಂಗಡಿಗೆ ಹೊರಟಳು. ಕೊಳ್ಳಲು ಅಲ್ಲ. ದಾರಿಯಲ್ಲೇ ಹೇಳಿದ್ದಳು: "ಕೊಂಬುದ್ ಆಮೇಲೆ. ಮೊದ್ಲ್ ಕಣ್ಣ್ ಪಳಗ್ಕ್." ಅಕ್ಕ ತೋಳಿನ ಮಾದರಿ ನೋಡಬೇಕು, ನಾನು ಕುತ್ತಿಗೆಯ ಮಾದರಿ ನೋಡಬೇಕು, ಅಮ್ಮ ಅಂಚು ನೋಡುವುದು. ಸೀರೆ ತೋರಿಸುವವನು ನಮ್ಮನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ಅಳೆದು ಮೆಟ್ಟಿಲಿನ ಕಡೆ ಕೈ ಮಾಡಿದ.

"ಕಮ್ಮಿ ರೇಟಿಂದ್ ಕೆಳ್ಗಿತ್ತ್ ಅಮ್ಮ."

"ನಾ ರೇಟ್ ಕೇಂಡದ್ದಾ? ಸೀರಿ ತೋರ್ಸಿ ಅಂದದ್ದ್."

ಪಾಪ, ಅವನು ತೋರಿಸಿದ. ಬಿಳಿ ಹಾಸಿನ ಮೇಲೆ ಸೀರೆಗಳು ಒಂದರ ಮೇಲೊಂದು ಬಿದ್ದವು, ಅಮ್ಮ ಒಂದೊಂದನ್ನೂ ಕಣ್ಣು ಸಣ್ಣ ಮಾಡಿ ಮುಟ್ಟಿದಳು. ನಾನು ಮೆಲ್ಲಗೆ ಜಾರಿ ಬಾಗಿಲ ಬಳಿ ನಿಲ್ಲಿಸಿದ್ದ ಬೊಂಬೆಯ ಹತ್ತಿರ ಹೋದೆ. ಅದಕ್ಕೆ ಲೆಹಂಗಾ ತೊಡಿಸಿದ್ದರು. ಸೊಂಟಕ್ಕೆ ಅಚ್ಚುಕಟ್ಟಾಗಿ ಕೂತಿತ್ತು, ದುಪಟ್ಟಾ ನೀರು ಹರಿದಂತೆ ಇಳಿದಿತ್ತು. ಹೇಗೆ ಇಷ್ಟು ಸರಿಯಾಗಿ ಕೂರುತ್ತದೆ ಎಂದು ಹಿಂದೆ ಹೋಗಿ ನೋಡುತ್ತೇನೆ, ಬೊಂಬೆಯ ಬೆನ್ನಿಗೆ ಸಾಲು ಸಾಲು ಪಿನ್ನು! ದೊಗಳೆ ಬಟ್ಟೆಯನ್ನು ಹಿಂದಿನಿಂದ ಹಿಡಿದು ಚುಚ್ಚಿ ಮುಂದಿನಿಂದ ಚಂದ ಮಾಡಿದ್ದಾರೆ. ನನಗಾದ ಆಶ್ಚರ್ಯ ಅಷ್ಟಿಷ್ಟಲ್ಲ. ಓಹೋ, ಚಂದ ಎಂದರೆ ಅರ್ಧ ಪಿನ್ನು ಎಂದಾಯಿತು! ಅಷ್ಟರಲ್ಲಿ ಅಮ್ಮ ಎದ್ದು, "ಮನಿಯವ್ರನ್ನ ಒಂದ್ ಮಾತ್ ಕೇಂಡ್ಕಂಡ್ ಬತ್ತೆ," ಎಂದು ಗಂಭೀರವಾಗಿ ಹೇಳಿ ಹೊರಟಳು. ಮನೆಯವರು ರತ್ನಾಗಿರಿಯ ಕಡಲಲ್ಲಿದ್ದರು. ಬೀದಿಗೆ ಬಂದ ಮೇಲೆ ಅಕ್ಕ ನಗು ತಡೆಯಲಾರದೆ ಚರಂಡಿಯ ಕಲ್ಲಿನ ಮೇಲೆ ಕೂತುಬಿಟ್ಟಳು.

ಕಣ್ಣು ಪಳಗಿದ ಮೇಲೆ ಕೆಲಸ ಸಲೀಸು. ಶನಿವಾರದ ಸಂತೆಯಲ್ಲಿ ಅಕ್ಕನಿಗೆ ಆಕಾಶ ಬಣ್ಣದ ಚೂಡಿದಾರದ ಬಟ್ಟೆ ಸಿಕ್ಕಿತು. ಹಿಂದಿನ ಗಲ್ಲಿಯ ಕಟ್ ಪೀಸ್ ಅಂಗಡಿಯಲ್ಲಿ ತುಂಡುಗಳನ್ನು ತೂಕಕ್ಕೆ ಹಾಕಿ ಮಾರುತ್ತಿದ್ದರು. ಅಲ್ಲಿ ರಾಶಿಯೊಳಗೆ ಮೊಣಕೈ ತನಕ ಕೈ ಹಾಕಿ ಅಮ್ಮ ಕೆಂಪು ಬ್ರೊಕೇಡಿನ ಗಿಡ್ಡ ತುಂಡುಗಳನ್ನು ಎಳೆದಳು. ಒಂದರಲ್ಲೇ ಲಂಗ ಆಗದು. ಅಕ್ಕ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದವಳು, ತುಂಡುಗಳನ್ನು ಸೇರಿಸಿ, ಸೇರಿಸಿದ ಕಡೆ ಜರಿಯ ಪಟ್ಟಿ ಕೂರಿಸಿ, ಅಂಗಡಿಯ ಬೊಂಬೆಯದಕ್ಕೆ ಸಮನಾದ ಲೆಹಂಗಾವನ್ನು ನನಗೆ ಹೊಲಿದಳು. ಬಾವಿಗೆ ಬಗ್ಗಿ ನೋಡಿದೆ. ಅಡಿಯಿಂದ ಯಾರೋ ರಾಜಕುಮಾರಿ ನನ್ನನ್ನು ನೋಡಿದಳು. ಅದು ಯಾರೂ ತೊಡದ ಬಟ್ಟೆ. ಒಳಬದಿ ಮಗುಚಿದರೆ ಯಾವ ಸಂಗತಿಯೂ ಇರಲಿಲ್ಲ, ಬರೀ ನನ್ನಕ್ಕನ ಹೊಲಿಗೆ. ಹೆಮ್ಮೆಯಾಯಿತು, ಒಂಚೂರು ಖಾಲಿ ಖಾಲಿಯೂ ಅನಿಸಿತು.

ಇನ್ನು ಉಳಿದದ್ದು ಅಮ್ಮನ ಸೀರೆ. ಮದುವೆಗೆ ರೇಷ್ಮೆಯೇ ಆಗಬೇಕು, ರೇಷ್ಮೆ ಕೈಗೆ ಎಟುಕುವಂತಿರಲಿಲ್ಲ. ಆಗ ಬೈಂದೂರಿನಲ್ಲಿ ದಿನಾ ಬಂಗುಡೆ ಕೊಳ್ಳುವ ಒಬ್ಬ ಹೆಂಗಸು ಅಮ್ಮನಿಗೊಂದು ಸುದ್ದಿ ಕೊಟ್ಟರು: ಕೊಲ್ಲೂರಿನಲ್ಲಿ ದೇವಿಗೆ ಹರಕೆಯಾಗಿ ಬಂದ ಸೀರೆಗಳನ್ನು, ದೇವಿಗೆ ಉಡಿಸಿ ತೆಗೆದ ಮೇಲೆ, ಏಲಂ ಹಾಕುತ್ತಾರೆ. ಅಮ್ಮ ಬುಟ್ಟಿ ಇಳಿಸುವಾಗಲೇ ಕೂಗಿಕೊಂಡು ಬಂದಳು.

"ಏಲಂ ಅಂಬ್ರ್ ಲತಾ, ಏಲಂ! ಏಲಂ ನಂಗ್ ಯಾರಾರೂ ಕಲ್ಸ್ಕಾ?"

ಕಲಿಸಬೇಕಾಗಿರಲಿಲ್ಲ. ಬಂದರಿನಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬೇಕಾದ ಬುಟ್ಟಿಯ ಕಡೆ ಕಣ್ಣೆತ್ತಿಯೂ ನೋಡಬಾರದು, ಮೊದಲ ಕೂಗಿಗೆ ಬಾಯಿ ಬಿಡಬಾರದು, ಹೊತ್ತು ಏರಲು ಬಿಡಬೇಕು. ಬಿಸಿಲು ಏರಿದ ಹಾಗೆ ಮೀನು ಮೆತ್ತಗಾಗುತ್ತದೆ, ಮೀನು ಮೆತ್ತಗಾದ ಹಾಗೆ ಕೂಗುವವನೂ ಮೆತ್ತಗಾಗುತ್ತಾನೆ. ಅದೇ ಬುಟ್ಟಿ ಎರಡನೆಯ ಸಲ, ಮೂರನೆಯ ಸಲ ಇಳಿದ ಬೆಲೆಗೆ ಬರುತ್ತದೆ. ಆಗ ಕೈ ಎತ್ತಬೇಕು. ಈ ವಿದ್ಯೆಯಿಂದಲೇ ಅಮ್ಮ ನಮ್ಮಿಬ್ಬರನ್ನು ಸಾಕಿದ್ದು.

ಕೊಲ್ಲೂರಿಗೆ ಹೊರಡುವ ಹಿಂದಿನ ದಿನದಿಂದಲೇ ಅಜ್ಜಿ ಮನೆಯಲ್ಲಿ ಮೀನು ನಿಲ್ಲಿಸಿ ಸೌತೆಕಾಯಿ ಸಾರು ಮಾಡಿಸಿದಳು. ಬೆಳಿಗ್ಗೆ ಹೆಮ್ಮಾಡಿಯಲ್ಲಿ ಇಳಿದು ಕೊಲ್ಲೂರಿನ ಬಸ್ಸಿಗೆ ಕಾದೆವು. ಗದ್ದೆಗಳಲ್ಲಿ ಸೇವಂತಿಗೆ ಹಳದಿ ಹಾಸಿತ್ತು. ದೇವಿಗೆ ಕೈ ಮುಗಿದು ಬಂದಾಗ ಏಲಂ ಆಗಷ್ಟೇ ಶುರುವಾಗಿತ್ತು. ಒಬ್ಬರು ಸೀರೆ ಎತ್ತಿ ಬಿಡಿಸಿ ತೋರಿಸಿ ಬೆಲೆ ಕೂಗುವುದು, ಸುತ್ತ ಕೂತ ಹೆಂಗಸರು ಏರಿಸುವುದು. ರಾಶಿಯ ಬದಿಯಲ್ಲಿ ನೇರಳೆ ಹಣ್ಣಿನ ಬಣ್ಣದ್ದೊಂದು ಸೀರೆ ಇತ್ತು, ಗಿಣಿಹಸಿರು ಅಂಚು. ನಮ್ಮ ಮೂವರ ಕಣ್ಣೂ ಅದರ ಮೇಲೇ ಬಿತ್ತು.

"ಆ ಬದಿಗ್ ಕಾಣ್ಬೇಡಿ," ಎಂದು ಅಮ್ಮ ಹಲ್ಲಿನ ಸಂದಿಯಿಂದ ಹೇಳಿದಳು. "ಅವ್ರಿಗ್ ಗೊತ್ತಾತ್ತ್."

ನಾವು ಕಂಬ ನೋಡಿದೆವು, ಛಾವಣಿ ನೋಡಿದೆವು. ನೇರಳೆ ಸೀರೆಯ ಸರದಿ ಬಂತು. ಮೊದಲ ಕೂಗಿನ ಬೆಲೆ ನಮ್ಮ ಕೈಯಳತೆಯಲ್ಲೇ ಇತ್ತು! ಅಕ್ಕ ಅಮ್ಮನ ತೊಡೆ ಚಿವುಟಿದಳು. ಅಮ್ಮ ಗರುಡಗಂಬದ ಹಾಗೆ ಕೂತಳು, ಮೊದಲ ಕೂಗಿಗೆ ಬಾಯಿ ಬಿಡುವವಳಲ್ಲವಲ್ಲ. ಎದುರಿಗೆ ಮಲಯಾಳದಲ್ಲಿ ಮಾತಾಡುತ್ತಿದ್ದ ಹೆಂಗಸೊಬ್ಬರು ಸ್ವಲ್ಪ ಏರಿಸಿದರು. ಬೇರೆ ಯಾರೂ ಏರಿಸಲಿಲ್ಲ. ಸೀರೆ ಅವರ ಮಡಿಲಿಗೆ ಹೋಯಿತು.

"ಇನ್ನೊಂದ್ ಸಲ ಕೂಗೂದಿಲ್ಯಾ?" ಎಂದು ಅಮ್ಮ ಗಾಬರಿಯಿಂದ ಕೇಳಿದಳು.

"ಕೊಟ್ಟಾಯ್ತಲೆ ಅಮ್ಮ. ಇನ್ನೆಂತ ಕೂಗೂದ್?"

ಅಮ್ಮ ಆಮೇಲೂ ಕಾದಳು. ಹೊತ್ತು ಏರಿತು, ಮಧ್ಯಾಹ್ನದ ಪೂಜೆ ಮುಗಿಸಿದ ಜನ ಸೇರಿದರು, ಬೆಲೆ ಇಳಿಯುವ ಬದಲು ಏರುತ್ತಲೇ ಹೋಯಿತು. ಅಮ್ಮನ ಹಣೆಯಲ್ಲಿ ಬೆವರು ಮೂಡಿತು. ಎಲ್ಲಿ ತಪ್ಪುತ್ತಿದೆ ಎಂದು ನನಗೆ ಆ ಹೊತ್ತಿಗೆ ಹೊಳೆದಿತ್ತು, ಹೊಳೆದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ.

"ಅಮ್ಮಾ, ಸೀರಿ ಹಾಳಾತ್ತಿಲ್ಲಲೆ. ಮತ್ತೆ ಅವ್ರ್ ಎಂತಕೆ ಬೆಲಿ ಇಳ್ಸ್‌ತ್ರ್?"

ಅವಳು ತಿರುಗಿ ನನ್ನನ್ನೇ ನೋಡಿದಳು. ಮುಖ ಪೆಚ್ಚಾಯಿತು, ಕಣ್ಣಲ್ಲಿ ನೀರೇ ಬಂತು. ಇಡೀ ಜೀವಮಾನದ ವಿದ್ಯೆ ಕೈ ಕೊಟ್ಟದ್ದು ದೇವರ ಎದುರು! ನನಗೆ ಯಾಕಾದರೂ ಹೇಳಿದೆನೋ ಅನಿಸಿ ಅವಳ ಸೆರಗು ಹಿಡಿದುಕೊಂಡೆ. ಒಂದು ಗಳಿಗೆ ಬಿಟ್ಟು ಅವಳ ಹೊಟ್ಟೆಯೊಳಗಿಂದ ಕುಲುಕುಲು ನಗು ಎದ್ದಿತು.

"ಹೌದಲೆ ಮಗಾ! ನಾ ಎಂತ ಸೀರಿನೂ ಮೀನ್ ಅಂದ್ಕಂಡ್ನಾ?"

ದೇವಸ್ಥಾನದಲ್ಲಿ ಊಟ ಮಾಡಿ ಬಂದಾಗ ರಾಶಿ ಕರಗಿ ಕೆಲವೇ ಸೀರೆ ಉಳಿದಿದ್ದವು. ಅದರಲ್ಲೊಂದು ಅರಸಿನ ಬಣ್ಣದ ರೇಷ್ಮೆ, ಕಡುಗೆಂಪು ಅಂಚು, ಕೈಗೆ ಬೆಣ್ಣೆಯ ಹಾಗೆ. ಬಿಡಿಸಿ ಹಿಡಿದಾಗ ಯಾಕೆ ಉಳಿಯಿತು ಎಂದು ತಿಳಿಯಿತು. ಸೆರಗಿನ ಮೇಲೆ ಅಂಗೈಯಗಲ ಕುಂಕುಮ ಒದ್ದೆಯಾಗಿ ಹಿಡಿದು ಕಲೆಗಟ್ಟಿತ್ತು. ಕೂಗಿದರು, ಯಾರೂ ಕೇಳಲಿಲ್ಲ. ಇಳಿಸಿ ಕೂಗಿದರು. ಅಮ್ಮನ ಬೆನ್ನು ನೆಟ್ಟಗಾಯಿತು. ಕಡೆಗೂ ಒಂದು ಸೀರೆ ಮೀನಿನ ಹಾಗೆ ನಡೆದುಕೊಳ್ಳುತ್ತಿತ್ತು! ಅಕ್ಕ "ಬೇಡ ಅಮ್ಮ, ಕಲೆ, ಬೇಡ" ಎಂದು ಪಿಸುಗುಟ್ಟುತ್ತಲೇ ಇದ್ದಳು. ಮೂರನೆಯ ಕೂಗಿಗೆ ಅಮ್ಮ ಕೈ ಎತ್ತಿದಳು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು, "ಕಿವಿ ಹರ್ದ ಬಂಗ್ಡಿ ಸಾರಿಗ್ ರುಚಿ ಕಮ್ಮಿಯಾ?" ಎಂದಳು.

ಮನೆಯಲ್ಲಿ ದೊಡ್ಡ ಗಲಾಟೆಯೇ ಆಯಿತು. ಅಕ್ಕ ಸೋಪು ತಂದಳು. ಅಜ್ಜಿ ಸೋಪು ಕಸಿದುಕೊಂಡಳು.

"ದೇವಿಯಮ್ಮನ ಕುಂಕುಮ ಸೋಪ್ ಹಾಕಿ ತೊಳೂದಾ? ಕೈ ಸೇದ್ ಹೋತ್!"

"ಮತ್ತೆ ಈ ಕಲಿ ಹಾಯ್ಕಂಡ್ ಮದಿಗೆ ಹೋಪುದಾ ಅಜ್ಜಿ? ಎಲ್ಲ ನೆಗಾಡ್ತ್ರ್. ಗುಲಾಬಿ ಸೀರಿಯೇ ಉಡ್ಲಿ."

"ಅದ್ ಉಡೂದಿಲ್ಲೆ ಅಂದಿದೆ," ಎಂದಳು ಅಮ್ಮ.

ಅಕ್ಕನಿಗೆ ಸಿಟ್ಟು ನೆತ್ತಿಗೇರಿತ್ತು. ಅವಳಿಗೂ ಮಾನದ ಪ್ರಶ್ನೆ. ಮದುವೆಯಲ್ಲಿ ರೇಷ್ಮಾಳ ಗೆಳತಿಯರೆಲ್ಲ ಇರುತ್ತಾರೆ.

"ಇದೂ ಉಟ್ಟ್ ಬಿಟ್ಟದ್ದೇ ಅಲ್ದಾ? ಎಂತ ವ್ಯತ್ಯಾಸ ಹೇಳ್ ಕಾಂಬ?"

ಅಮ್ಮ ಸೀರೆಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಟ್ಟಳು. ನನಗೂ ಉತ್ತರ ಗೊತ್ತಿರಲಿಲ್ಲ, ಆದರೆ ಉಪಾಯ ಗೊತ್ತಿತ್ತು. ಅಂಗಡಿಯ ಬೊಂಬೆ ಇತ್ತಲ್ಲ! ಸೆರಗನ್ನು ಸಣ್ಣ ಸಣ್ಣ ನೆರಿಗೆ ಮಾಡಿ ಹೆಗಲಿಗೆ ಪಿನ್ನು ಚುಚ್ಚಿದರೆ ಕಲೆ ನೆರಿಗೆಯೊಳಗೆ ಹೋಗುತ್ತದೆ. ಅಮ್ಮನನ್ನು ನಿಲ್ಲಿಸಿ ಮಾಡಿ ತೋರಿಸಿದೆ. ಬಾವಿಗೆ ಬಗ್ಗಿ ನೋಡಿದವಳು, "ಅಡ್ಡಿಲ್ಲೆ, ಕಾಂತಿಲ್ಲೆ," ಎಂದಳು. ಅಕ್ಕನ ಉಸಿರು ಮರಳಿತು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಗೊಣಗುತ್ತಾ ಅಜ್ಜಿಯೂ ಒಪ್ಪಿದಳು.

ಮದುವೆಯ ಬೆಳಿಗ್ಗೆ ಅಮ್ಮ ಹೆಮ್ಮಾಡಿ ಸೇವಂತಿಗೆ ಮುಡಿದಳು. ಅರಸಿನ ಬಣ್ಣದ ಸೀರೆಯಲ್ಲಿ ಅವಳು ಎಷ್ಟು ಚಂದ ಕಂಡಳೆಂದರೆ ನನಗೆ ಕೋಪವೇ ಬಂತು, ಇಷ್ಟು ವರ್ಷ ಯಾಕೆ ಹೀಗೆ ಕಾಣಲಿಲ್ಲ ಎಂದು. ಬಸ್ಸು ಮರವಂತೆಯಲ್ಲಿ ಒಂದು ಕಡೆ ಕಡಲು, ಒಂದು ಕಡೆ ಹೊಳೆ ದಾಟುವಾಗ ಕಿಟಕಿಯ ಗಾಳಿಗೆ ಸೆರಗು ಹಾರದಂತೆ ಕೈಯಲ್ಲಿ ಒತ್ತಿ ಹಿಡಿದಿದ್ದಳು. ಕುಂದಾಪುರದಲ್ಲಿ ಇಳಿದು ಹಾಲ್ ಕಡೆ ನಡೆಯುತ್ತಿದ್ದಂತೆ, ಗೇಟಿನ ಈಚೆ ನಿಂತುಬಿಟ್ಟಳು. ಹೆಗಲ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿ ನನ್ನ ಅಂಗೈಗೆ ಹಾಕಿದಳು. ನೆರಿಗೆ ಸಡಿಲಿ ಸೆರಗು ಇಡಿಯಾಗಿ ಇಳಿಯಿತು, ಕುಂಕುಮ ಎದೆಯ ಮೇಲೇ ಬಂತು.

"ಅಮ್ಮಾ, ಎಂತ ಮಾಡ್ತೆ!" ಅಕ್ಕನ ಮುಖ ಬಿಳುಚಿಕೊಂಡಿತು.

"ನೀ ಕೇಂಡದ್ದಕ್ಕೆ ಉತ್ರ ಸಿಕ್ಕಿತ್ ಮಗಾ. ಬನಿ."

ಬಾಗಿಲಲ್ಲಿ ಅತ್ತೆ ಪನ್ನೀರು ಚಿಮುಕಿಸುತ್ತಾ ನಿಂತಿದ್ದರು, ಮೈತುಂಬ ಬಂಗಾರ, ಹಿಂದೆ ಬೊಂಬಾಯಿಯ ಬಳಗ. ನಮ್ಮನ್ನು ನೋಡಿ ಅವರ ಮುಖ ಅರಳಿತು, ನನ್ನ ಲೆಹಂಗಾ ನೋಡಿ ಹುಬ್ಬು ಏರಿತು, ಅಮ್ಮನ ಸೆರಗಿಗೆ ಬಂದು ಕಣ್ಣು ನಿಂತಿತು. ಮತ್ತೆ ಕೇಳಬೇಕೇ, ಅದೇ ಇಡೀ ಚಪ್ಪರಕ್ಕೆ ಕೇಳುವ ದನಿ:

"ಹ್ವಾಯ್ ಗಿರಿಜಾ! ಹೊಸ ಸೀರಿಗೆ ಎಂತದ್ ತಾಗ್ಸ್ಕಂಡ್ ಬಂದೆ ಮಾರಾಯ್ತಿ? ಇಷ್ಟ್ ದೊಡ್ಡ ಕಲಿ!"

ಬಳಗ ತಿರುಗಿತು. ಅಕ್ಕ ನನ್ನ ಬೆನ್ನ ಹಿಂದೆ ಸರಿದಳು. ನನ್ನ ಮುಷ್ಟಿಯೊಳಗೆ ಪಿನ್ನುಗಳು ಚುಚ್ಚುತ್ತಿದ್ದವು.

"ಹೊಸ್ತಲ್ಲ ಅತ್ತಿಗೆ," ಎಂದಳು ಅಮ್ಮ. "ಇದೂ ಉಟ್ಟ್ ಬಿಟ್ಟದ್ದೇ."

"ಯಾರ್ ಉಟ್ಟದ್ದ್?"

"ಕೊಲ್ಲೂರಮ್ಮ. ಅದ್ ಅವ್ಳ್ ಕುಂಕುಮ."

ಅತ್ತೆಯ ಬಾಯಿ ಮುಚ್ಚಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಪನ್ನೀರುದಾನಿಯನ್ನು ಮೇಜಿನ ಮೇಲಿಟ್ಟರು. ಎರಡೂ ಕೈಯನ್ನು ತಮ್ಮ ಬೆಲೆಬಾಳುವ ಸೀರೆಗೇ ಒರೆಸಿಕೊಂಡು, ಅಮ್ಮನ ಸೆರಗನ್ನು ಮೆಲ್ಲಗೆ ಎತ್ತಿ ಕಣ್ಣಿಗೆ ಒತ್ತಿಕೊಂಡರು. ಹಿಂದಿದ್ದ ಹೆಂಗಸರೂ ಒಬ್ಬೊಬ್ಬರಾಗಿ ಮುಂದೆ ಬಂದು ಮುಟ್ಟಿದರು. ಎಲ್ಲ ಸರಿದ ಮೇಲೆ ಅತ್ತೆ ಅಮ್ಮನ ಕಿವಿಯ ಹತ್ತಿರ ಬಾಗಿ, ನನಗೆ ಪರಿಚಯವೇ ಇಲ್ಲದ ಸಣ್ಣ ದನಿಯಲ್ಲಿ ಕೇಳಿದರು. ಇಬ್ಬರ ನಡುವೆ ಸಿಕ್ಕಿಕೊಂಡಿದ್ದರಿಂದ ನನಗೆ ಕೇಳಿಸಿತು.

"ಗಿರಿಜಾ, ನೀ ಉಟ್ಟಾಯ್ದ್ ಮೇಲೆ ಇದನ್ನ ನಂಗ್ ಕೊಡ್ತ್ಯಾ? ರೇಷ್ಮಾನ ಒಟ್ಟಿಗ್ ಕಳ್ಸ್‌ತೆ."

ಅಮ್ಮ ಅವರ ಮುಖವನ್ನೇ ನೋಡಿದಳು. ಸಿಟ್ಟಿನಿಂದಲ್ಲ, ಬಂದರಿನಲ್ಲಿ ಮೂರನೆಯ ಕೂಗಿಗೆ ಮುಂಚೆ ನಿಲ್ಲುತ್ತಾಳಲ್ಲ, ಹಾಗೆ. ಆಮೇಲೆ ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡಳು.

"ಕಾಂಬ ಅತ್ತಿಗೆ," ಎಂದಳು.

ಆ ದಿನ ಊಟಕ್ಕೆ ಕೂತಾಗ ಅಮ್ಮ ಪಾಯಸ ಕೇಳಿ ಹಾಕಿಸಿಕೊಂಡು, ಎಲೆ ಬಳಿದು ಉಂಡಳು.